ಆಲ್ಬುಕರ್ಕಿಯ ಬೆಂಕಿ: ಪೂರೈಕೆ ಸರಪಳಿಯ ಅಧಿಕಾರಿಗೆ ಇರಬೇಕಾದ ಗುಣಗಳನ್ನು ಕುರಿತ ಒಂದು ಪ್ರಕರಣ ಅಧ್ಯಯನ

2000ನೇ ಇಸವಿಯ ಮಾರ್ಚ್ 17ರ ಶುಕ್ರವಾರ ರಾತ್ರಿ ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದಲ್ಲಿ ಸಿಡಿಲೊಂದು ವಿದ್ಯುತ್ ಮಾರ್ಗಕ್ಕೆ ಬಡಿಯಿತು. ಅದರಿಂದ ವಿದ್ಯುತ್ ಪ್ರವಾಹದಲ್ಲಿ ಏರುಪೇರಾಗಿ, ಆಲ್ಬುಕರ್ಕಿ ನಗರದಲ್ಲಿದ್ದ ಫಿಲಿಪ್ಸ್ ಕಂಪನಿಯ ಸೆಮಿಕಂಡಕ್ಟರ್ ಕಾರ್ಖಾನೆಯ ಒಂದು ಕುಲುಮೆಯಲ್ಲಿ ಬೆಂಕಿ ಕಾಣಿಸಿಕೊಂಡಿತು. ಅದು ಹತ್ತು ನಿಮಿಷವೂ ಉರಿಯಲಿಲ್ಲ. ಅಗ್ನಿಶಾಮಕ ದಳದವರು ಒಳಗೆ ಬರುವಷ್ಟರಲ್ಲಿ ಆರಿಸಲು ಏನೂ ಉಳಿದಿರಲಿಲ್ಲ. ಅವರು ಪರಿಶೀಲನೆ ಮುಗಿಸಿ ಹೊರಟರು. ಕುಲುಮೆಯೊಳಗಿದ್ದ ಎಂಟು ಟ್ರೇಗಳ ವೇಫರ್‌ಗಳು, ಎಂದರೆ ಚಿಪ್‌ಗಳನ್ನು ಮೂಡಿಸುವ ತೆಳುವಾದ ಸಿಲಿಕಾನ್ ಬಿಲ್ಲೆಗಳು, ಸುಟ್ಟುಹೋಗಿದ್ದವು. ಯಾರಿಗೂ ದೊಡ್ಡ ಗಾಯವಾಗಲಿಲ್ಲ, ಕಟ್ಟಡ ಕುಸಿಯಲಿಲ್ಲ, ಮರುದಿನದ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯೂ ಆಗಲಿಲ್ಲ.

ಆ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದದ್ದು ಮೊಬೈಲ್ ಫೋನಿನ ರೇಡಿಯೊ ಸಂಕೇತಗಳನ್ನು ನಿರ್ವಹಿಸುವ ಚಿಪ್‌ಗಳು. ಮೂವತ್ತಕ್ಕೂ ಹೆಚ್ಚು ಗ್ರಾಹಕ ಕಂಪನಿಗಳು ಅದನ್ನು ಅವಲಂಬಿಸಿದ್ದವು. ತೊಂದರೆಗೊಳಗಾದ ಬೇಡಿಕೆಯಲ್ಲಿ ಸುಮಾರು 40 ಶೇಕಡಾ ಪಾಲು ಎರಡೇ ಕಂಪನಿಗಳದ್ದಾಗಿತ್ತು: ಫಿನ್‌ಲೆಂಡಿನ ನೋಕಿಯಾ ಮತ್ತು ಸ್ವೀಡನ್ನಿನ ಎರಿಕ್ಸನ್. ಇಬ್ಬರೂ ಒಂದೇ ಮಾರುಕಟ್ಟೆಯ ಪ್ರತಿಸ್ಪರ್ಧಿಗಳು. ಇಬ್ಬರ ಪೂರೈಕೆದಾರನೂ ಒಬ್ಬನೇ, ಇಬ್ಬರಿಗೂ ತಗುಲಿದ ಅಪಘಾತವೂ ಒಂದೇ, ಇಬ್ಬರ ಕಿವಿಗೂ ಬಿದ್ದ ಮಾತು ಬಹುಮಟ್ಟಿಗೆ ಒಂದೇ. ಮುಂದಿನ ಹತ್ತು ತಿಂಗಳುಗಳಲ್ಲಿ ಅವರು ತಲುಪಿದ ಸ್ಥಿತಿಗಳು ಮಾತ್ರ ತೀರ ಬೇರೆ. ಪೂರೈಕೆ ಸರಪಳಿಯ ಅಧಿಕಾರಿಗೆ ಯಾವ ಗುಣ ಇರಬೇಕು ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ದೂರದೃಷ್ಟಿ, ನಾಯಕತ್ವ, ಮಾತುಕತೆಯ ಚಾತುರ್ಯ ಎಂದು ಉದ್ದನೆಯ ಪಟ್ಟಿಯನ್ನು ಕೊಡಲಾಗುತ್ತದೆ. ಆ ಪಟ್ಟಿಯಲ್ಲಿ ತಪ್ಪಿಲ್ಲ. ಆದರೆ ಯಾವ ಗುಣ ಯಾವ ಗಳಿಗೆಯಲ್ಲಿ ಕೆಲಸಕ್ಕೆ ಬರುತ್ತದೆ ಎಂಬುದು ಅದರಿಂದ ತಿಳಿಯುವುದಿಲ್ಲ. ಇಬ್ಬರಿಗೆ ಒಂದೇ ಪರೀಕ್ಷೆ ಒದಗಿಬಂದ ಪ್ರಸಂಗಗಳು ವ್ಯವಹಾರದ ಇತಿಹಾಸದಲ್ಲಿ ಅಪರೂಪ. ಆದ್ದರಿಂದಲೇ ಈ ಪ್ರಕರಣವನ್ನು ದಿನ ದಿನಕ್ಕೆ ಬಿಡಿಸಿ ನೋಡುವುದು ಉಪಯುಕ್ತವೆಂದು ನಾನು ನಂಬಿದ್ದೇನೆ.

“ಒಂದು ವಾರ” ಎಂಬ ಮಾತು

ಬೆಂಕಿಯ ನಂತರ ಫಿಲಿಪ್ಸ್ ತನ್ನ ಗ್ರಾಹಕರಿಗೆ ತಿಳಿಸಿದ್ದು, ಉತ್ಪಾದನೆ ಸುಮಾರು ಒಂದು ವಾರ ತಡವಾಗಬಹುದು ಎಂದು. ಇದನ್ನು ಸುಳ್ಳು ಎನ್ನಲಾಗದು. ಘಟನೆಯ ಮೊದಲ ದಿನಗಳಲ್ಲಿ ಕಾರ್ಖಾನೆಯವರು ಕಣ್ಣಿಗೆ ಕಂಡದ್ದನ್ನು ಆಧರಿಸಿ ಮಾಡಿದ ಅಂದಾಜು ಅದು: ಒಂದು ಕುಲುಮೆ ಕೆಟ್ಟಿದೆ, ಎಂಟು ಟ್ರೇ ಸರಕು ಹೋಗಿದೆ, ಶುಚಿಗೊಳಿಸಿ ಮತ್ತೆ ಆರಂಭಿಸಬೇಕು. ಕಣ್ಣಿಗೆ ಕಾಣದ ಹಾನಿ ಎಷ್ಟೆಂಬುದು ಅವರಿಗೂ ಆಗ ತಿಳಿದಿರಲಿಲ್ಲ.

ಚಿಪ್ ತಯಾರಿಕೆಯ ಸ್ವರೂಪವನ್ನು ತಿಳಿಯದೆ ಈ ಅಂದಾಜು ಏಕೆ ತಪ್ಪಿತು ಎಂಬುದು ಅರ್ಥವಾಗುವುದಿಲ್ಲ. ಸಿಲಿಕಾನ್ ವೇಫರ್ ಒಂದು ನೂರಾರು ಹಂತಗಳನ್ನು ದಾಟಿ, ಹಲವು ವಾರಗಳ ನಂತರ ಚಿಪ್ ಆಗಿ ಹೊರಬರುತ್ತದೆ. ಅದರ ಮೇಲೆ ಕೊರೆಯುವ ರೇಖೆಗಳ ಅಗಲ ತಲೆಗೂದಲಿನ ದಪ್ಪಕ್ಕಿಂತ ಎಷ್ಟೋ ಪಟ್ಟು ಕಡಿಮೆ. ಅಂಥ ಮೇಲ್ಮೈಗೆ ಧೂಳಿನ ಕಣವೊಂದು ಬಿದ್ದರೂ ಆ ಚಿಪ್ ನಿರುಪಯೋಗಿ. ಅದಕ್ಕಾಗಿಯೇ ಕ್ಲೀನ್ ರೂಮ್‌ಗಳ ಗಾಳಿಯನ್ನು ನಿರಂತರವಾಗಿ ಸೋಸಲಾಗುತ್ತದೆ, ಅಲ್ಲಿ ಕೆಲಸ ಮಾಡುವವರು ಅಡಿಯಿಂದ ಮುಡಿಯವರೆಗೆ ವಿಶೇಷ ಉಡುಪು ತೊಟ್ಟಿರುತ್ತಾರೆ. ಆಲ್ಬುಕರ್ಕಿಯಲ್ಲಿ ಬೆಂಕಿಗಿಂತ ಹೊಗೆ ದೂರ ಹೋಗಿತ್ತು. ಬೆಂಕಿ ಆರಿಸಿದ ನೀರು ನೆಲಕ್ಕೆ ಹರಡಿತ್ತು, ಒಳಗೆ ಬಂದುಹೋದವರ ಬೂಟುಗಳ ಕೊಳೆಯೂ ಸೇರಿಕೊಂಡಿತ್ತು. ಕುಲುಮೆಯಿಂದ ದೂರದಲ್ಲಿದ್ದ, ಬೆಂಕಿ ಮುಟ್ಟದ ಕೊಠಡಿಗಳಲ್ಲಿ ವಿವಿಧ ಹಂತಗಳಲ್ಲಿದ್ದ ಲಕ್ಷಗಟ್ಟಲೆ ಚಿಪ್‌ಗಳಿಗೆ ಹೊಗೆಯ ಕಣಗಳು ತಾಗಿದ್ದವು. ಇಂಥ ಕೊಠಡಿಯನ್ನು ತೊಳೆದರೆ ಸಾಲದು; ಅದು ನಿಜಕ್ಕೂ ಶುದ್ಧವಾಗಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು, ಯಂತ್ರಗಳನ್ನು ಒಂದೊಂದಾಗಿ ಮತ್ತೆ ಹದಕ್ಕೆ ತರಬೇಕು, ಆಮೇಲೆ ಹೊಸ ವೇಫರ್‌ಗಳನ್ನು ಮೊದಲ ಹಂತದಿಂದ ಆರಂಭಿಸಬೇಕು.

ಇಲ್ಲಿ ಅಧಿಕಾರಿಯೊಬ್ಬ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಪೂರೈಕೆದಾರ ಪ್ರಾಮಾಣಿಕನಾಗಿದ್ದರೂ ಅವನ ಮೊದಲ ಅಂದಾಜು ತಪ್ಪಾಗಬಹುದು, ಮತ್ತು ಆ ತಪ್ಪು ಬಹುಪಾಲು ಒಂದೇ ದಿಕ್ಕಿನಲ್ಲಿರುತ್ತದೆ. ಗ್ರಾಹಕ ಗಾಬರಿಗೊಂಡು ಬೇರೆಡೆಗೆ ಹೋಗದಿರಲಿ ಎಂಬ ಆಸೆ, ತನ್ನ ಕೆಲಸಗಾರರ ಮೇಲಿನ ಭರವಸೆ, ಇನ್ನೂ ತೆರೆದು ನೋಡದ ಕೊಠಡಿಗಳ ಬಗೆಗಿನ ಅಜ್ಞಾನ, ಇವೆಲ್ಲ ಸೇರಿ ಅಂದಾಜನ್ನು ಕಡಿಮೆಯ ಕಡೆಗೇ ಎಳೆಯುತ್ತವೆ. ಆದ್ದರಿಂದ ಪೂರೈಕೆದಾರನನ್ನು ಅನುಮಾನಿಸದೆಯೇ ಅವನ ಅಂದಾಜನ್ನು ಅನುಮಾನಿಸುವುದು ಸಾಧ್ಯ, ಅಗತ್ಯ ಕೂಡ. ಈ ಎರಡನ್ನು ಬೇರ್ಪಡಿಸಲಾರದವರು ಒಂದೋ ಎಲ್ಲವನ್ನೂ ನಂಬಿ ಕೂರುತ್ತಾರೆ, ಇಲ್ಲವೇ ಎಲ್ಲರೊಂದಿಗೂ ಜಗಳಕ್ಕೆ ಬೀಳುತ್ತಾರೆ.

ಸೋಮವಾರದ ದೂರವಾಣಿ ಕರೆ

ಮಾರ್ಚ್ 20ರ ಸೋಮವಾರ ನೋಕಿಯಾದ ಬಿಡಿಭಾಗಗಳ ಖರೀದಿ ಮುಖ್ಯಸ್ಥ ಟಾಪಿಯೊ ಮಾರ್ಕಿ ಅವರಿಗೆ ಫಿಲಿಪ್ಸ್‌ನಿಂದ ಕರೆ ಬಂತು. ಚಿಪ್‌ಗಳ ಒಳಹರಿವಿನಲ್ಲಿ ಏನೋ ವ್ಯತ್ಯಾಸವಾಗಿದೆ ಎಂಬುದು ಫಿನ್‌ಲೆಂಡಿನಲ್ಲಿದ್ದ ಅಧಿಕಾರಿಗಳ ಗಮನಕ್ಕೆ ಆ ಕರೆಗಿಂತ ಮುಂಚೆಯೇ ಬಂದಿತ್ತು. ಕರೆಯಲ್ಲಿ ಹೇಳಿದ್ದು ಅಷ್ಟೇ: ಸಣ್ಣ ಬೆಂಕಿ, ಒಂದು ವಾರದ ವಿಳಂಬ. ವಾರದ ವಿಳಂಬ ಖರೀದಿ ವಿಭಾಗಕ್ಕೆ ಹೊಸದಲ್ಲ. ಅಂಥ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ, ಕೈಯಲ್ಲಿರುವ ದಾಸ್ತಾನು ಅದನ್ನು ತಾಳಿಕೊಳ್ಳುತ್ತದೆ. ಮಾರ್ಕಿ ಅದನ್ನು ದಾಖಲಿಸಿಕೊಂಡು ಸುಮ್ಮನಾಗಿದ್ದರೂ ಆ ದಿನ ಯಾರೂ ಅವರನ್ನು ದೂರುತ್ತಿರಲಿಲ್ಲ.

ಅವರು ಸುದ್ದಿಯನ್ನು ತಮ್ಮಲ್ಲೇ ಇಟ್ಟುಕೊಳ್ಳಲಿಲ್ಲ. ಮೇಲಿನವರಿಗೂ ಸಂಬಂಧಪಟ್ಟ ಇತರರಿಗೂ ತಿಳಿಸಿದರು. ಕಂಪನಿಯ ಇಂಥ ಬಿಕ್ಕಟ್ಟುಗಳನ್ನು ಬಿಡಿಸುವುದರಲ್ಲಿ ಹೆಸರಾಗಿದ್ದ ಪೆರ್ಟಿ ಕೊರ್ಹೊನೆನ್ ಅವರಿಗೂ ಅದು ತಲುಪಿತು. ಈ ಪ್ರಕರಣದ ತಿರುವು ಇರುವುದು ಇಲ್ಲಿ ಎಂದು ನನ್ನ ದೃಢ ಅಭಿಪ್ರಾಯ. ಆಮೇಲೆ ನಡೆದ ಉನ್ನತ ಮಟ್ಟದ ಭೇಟಿಗಳು, ವಿಮಾನ ಪ್ರಯಾಣಗಳು, ಕಠಿಣ ಮಾತುಕತೆಗಳೆಲ್ಲ ಓದಲು ಹೆಚ್ಚು ರೋಚಕ. ಆದರೆ ಅವೆಲ್ಲ ಸಾಧ್ಯವಾದದ್ದು ಸಮಯ ಉಳಿದಿದ್ದರಿಂದ. ಸಮಯ ಉಳಿದದ್ದು, ಚಿಕ್ಕದೆಂದು ಹೇಳಲಾಗಿದ್ದ ಸುದ್ದಿಯೊಂದನ್ನು ಮಧ್ಯಮ ಹಂತದ ಅಧಿಕಾರಿಯೊಬ್ಬರು ಅಂದೇ ಮೇಲಕ್ಕೆ ಕಳಿಸಿದ್ದರಿಂದ.

ಹೀಗೆ ಕಳಿಸುವುದು ಕಾಣುವಷ್ಟು ಸುಲಭವಲ್ಲ. ಕೆಟ್ಟ ಸುದ್ದಿ ತಂದವನ ಮೇಲೆ ಸಿಟ್ಟಾಗುವ ಸಂಸ್ಥೆಯಲ್ಲಿ ಅಧೀನ ಅಧಿಕಾರಿ, ಇನ್ನೊಂದು ದಿನ ನೋಡೋಣ, ಸರಿಹೋದರೆ ಹೇಳುವ ಅಗತ್ಯವೇ ಬೀಳುವುದಿಲ್ಲ ಎಂದುಕೊಳ್ಳುತ್ತಾನೆ. ಅದು ಹೇಡಿತನವಲ್ಲ, ಅನುಭವದಿಂದ ಕಲಿತ ಪಾಠ. ಹಿಂದೊಮ್ಮೆ ಸಣ್ಣ ವಿಷಯಕ್ಕೆ ದೊಡ್ಡವರ ಹೊತ್ತು ಹಾಳುಮಾಡಿದ ಎಂದು ಬೈಸಿಕೊಂಡವನು ಮತ್ತೆ ಬಾಯಿ ಬಿಡುವ ಮುನ್ನ ಎರಡು ಸಲ ಯೋಚಿಸುತ್ತಾನೆ. ಆದರೆ ಲೆಕ್ಕ ಹಾಕಿ ನೋಡಿದರೆ ಎರಡು ತಪ್ಪುಗಳ ಬೆಲೆ ಸಮನಲ್ಲ. ಸುಳ್ಳು ಎಚ್ಚರಿಕೆಗೆ ತೆರಬೇಕಾದ ಬೆಲೆ ಕೆಲವು ಜನರ ಕೆಲವು ಗಂಟೆ. ಮೌನಕ್ಕೆ ತೆರಬೇಕಾದದ್ದು ಒಂದು ಇಡೀ ಋತುವಿನ ಮಾರಾಟ. ಈ ಅಸಮಾನತೆಯನ್ನು ಬಲ್ಲ ಮುಖ್ಯಸ್ಥ ತನ್ನ ಕೆಳಗಿನವರಿಗೆ ಸುಳ್ಳು ಎಚ್ಚರಿಕೆ ಕೊಡುವ ಸ್ವಾತಂತ್ರ್ಯವನ್ನು ಮೊದಲೇ ಕೊಟ್ಟಿರುತ್ತಾನೆ, ಮತ್ತು ಹತ್ತು ಬಾರಿ ಏನೂ ಆಗದೆ ಹೋದರೂ ಹನ್ನೊಂದನೆಯ ಬಾರಿ ಬಂದವನನ್ನು ಕೂರಿಸಿ ಕೇಳುತ್ತಾನೆ.

ನೋಕಿಯಾಗೆ ಈ ಅಭ್ಯಾಸ ಹುಟ್ಟಿನಿಂದ ಬಂದದ್ದೇನಲ್ಲ. 1990ರ ದಶಕದ ಮಧ್ಯಭಾಗದಲ್ಲಿ ಅದು ಬಿಡಿಭಾಗಗಳ ನಿರ್ವಹಣೆಯಲ್ಲಿ ತಾನೇ ದೊಡ್ಡ ಪೆಟ್ಟು ತಿಂದಿತ್ತು; ಒಂದೆಡೆ ಬೇಡದ ಸರಕು ರಾಶಿ ಬಿದ್ದು, ಇನ್ನೊಂದೆಡೆ ಬೇಕಾದ ಭಾಗ ಸಿಗದೆ ಒದ್ದಾಡಿದ ಮೇಲೆ ತನ್ನ ಪೂರೈಕೆ ವ್ಯವಸ್ಥೆಯನ್ನು ಬುಡದಿಂದ ಮತ್ತೆ ಕಟ್ಟಿತ್ತು. 2000ದ ಮಾರ್ಚಿನಲ್ಲಿ ಕಂಡ ಚುರುಕು ಆ ನೋವಿನ ಫಲ.

ಕಾವಲು

ಕೊರ್ಹೊನೆನ್ ಮತ್ತು ಅವರ ಸಹೋದ್ಯೋಗಿಗಳು ಮೊದಲ ದಿನವೇ ಬಿಕ್ಕಟ್ಟು ಘೋಷಿಸಲಿಲ್ಲ. ಅವರು ಮಾಡಿದ್ದು ಇಷ್ಟು: ಆ ಕಾರ್ಖಾನೆಯಿಂದ ಬರಬೇಕಾದ ಐದು ಬಿಡಿಭಾಗಗಳನ್ನು ವಿಶೇಷ ನಿಗಾ ಪಟ್ಟಿಗೆ ಸೇರಿಸಿದರು. ವಾರಕ್ಕೊಮ್ಮೆ ನೋಡುತ್ತಿದ್ದ ಅಂಕಿಗಳನ್ನು ಪ್ರತಿದಿನ ನೋಡತೊಡಗಿದರು. ಫಿಲಿಪ್ಸ್‌ಗೆ ದಿನವೂ ಕರೆ ಹೋಗುತ್ತಿತ್ತು. ಅಮೆರಿಕದಲ್ಲಿಯೇ ಇದ್ದ ತಮ್ಮ ಎಂಜಿನಿಯರುಗಳನ್ನು ಆಲ್ಬುಕರ್ಕಿಗೆ ಕಳಿಸಿ ನೆರವಾಗುತ್ತೇವೆ ಎಂದು ಕೇಳಿದರು. ಹೊರಗಿನವರು ಬಂದರೆ ಗೊಂದಲ ಹೆಚ್ಚುತ್ತದೆ ಎಂದು ಫಿಲಿಪ್ಸ್ ಅದನ್ನು ಒಪ್ಪಲಿಲ್ಲ.

ಒಪ್ಪದಿದ್ದರೂ ಆ ಕೋರಿಕೆ ವ್ಯರ್ಥವಾಗಲಿಲ್ಲ. ಈ ವಿಷಯವನ್ನು ನಾವು ಹಗುರವಾಗಿ ತೆಗೆದುಕೊಂಡಿಲ್ಲ ಎಂಬುದು ಆ ಕಡೆಯವರಿಗೆ ಮನದಟ್ಟಾಯಿತು. ಪ್ರತಿದಿನದ ಕರೆಯ ಪರಿಣಾಮವೂ ಅಂಥದ್ದೇ. ಒಂದೇ ಪ್ರಶ್ನೆಯನ್ನು ದಿನವೂ ಸಮಾಧಾನವಾಗಿ ಕೇಳುತ್ತಿದ್ದರೆ ಉತ್ತರಗಳ ನಡುವಿನ ಸಣ್ಣ ಬದಲಾವಣೆಗಳು ಕಾಣತೊಡಗುತ್ತವೆ. “ಮುಂದಿನ ಬುಧವಾರ” ಎನ್ನುತ್ತಿದ್ದವನು “ಮುಂದಿನ ವಾರದೊಳಗೆ” ಎಂದರೆ, ದಿನಾಂಕ ಹೇಳುತ್ತಿದ್ದವನು “ಪ್ರಯತ್ನಿಸುತ್ತಿದ್ದೇವೆ” ಎಂದರೆ, ಅದೇ ಸಮಾಚಾರ. ಇಂಥ ಕೇಳುವಿಕೆಗೆ ತಾಳ್ಮೆ ಬೇಕು, ಸೌಜನ್ಯವೂ ಬೇಕು. ದಬಾಯಿಸಿ ಕೇಳಿದವನಿಗೆ ಎದುರಿನವನು ಬಾಯಿಪಾಠದ ಉತ್ತರ ಒಪ್ಪಿಸುತ್ತಾನೆಯೇ ಹೊರತು ತನ್ನ ಅನುಮಾನಗಳನ್ನು ಹೇಳಿಕೊಳ್ಳುವುದಿಲ್ಲ.

ಮಾರ್ಚ್ 31ರಂದು, ಬೆಂಕಿ ಬಿದ್ದ ಎರಡು ವಾರಗಳಿಗೆ, ಫಿಲಿಪ್ಸ್ ನಿಜ ಸ್ಥಿತಿಯನ್ನು ಬಿಚ್ಚಿಟ್ಟಿತು: ಉತ್ಪಾದನೆ ಸಹಜಸ್ಥಿತಿಗೆ ಬರಲು ವಾರಗಳಲ್ಲ, ತಿಂಗಳುಗಳೇ ಹಿಡಿಯಬಹುದು. ಮಾರ್ಕಿ ತಕ್ಷಣ ಲೆಕ್ಕ ಹಾಕಿದರು. ಈ ಕೊರತೆಯಿಂದ ಸುಮಾರು 40 ಲಕ್ಷ ಫೋನ್‌ಗಳ ತಯಾರಿಕೆಗೆ ಅಡ್ಡಿಯಾಗುವ ಸಂಭವವಿತ್ತು. ಮೊಬೈಲ್ ಮಾರುಕಟ್ಟೆ ಏರುಗತಿಯಲ್ಲಿದ್ದ ಆ ವರ್ಷದಲ್ಲಿ ಅಂಗಡಿಯಲ್ಲಿ ಸಿಗದ ಫೋನ್ ಎಂದರೆ ಎದುರಾಳಿಯ ಕೈ ಸೇರಿದ ಗ್ರಾಹಕ ಎಂದೇ ಅರ್ಥ.

ಚಿಪ್‌ಗಳ ಕೊರತೆಯನ್ನು ಅಂದೇ ಫೋನ್‌ಗಳ ಕೊರತೆಯಾಗಿ ಪರಿವರ್ತಿಸಿ ಹೇಳಲು ಸಾಧ್ಯವಾದದ್ದನ್ನು ಕೇವಲ ಗಣಿತವೆಂದು ತಳ್ಳಿಹಾಕಬಾರದು. ಯಾವ ಬಿಡಿಭಾಗ ಯಾವ ಮಾದರಿಗೆ ಹೋಗುತ್ತದೆ, ಅದಕ್ಕೆ ಬದಲಿ ಉಂಟೇ, ಉಗ್ರಾಣದಲ್ಲಿ ಮತ್ತು ದಾರಿಯಲ್ಲಿ ಎಷ್ಟಿದೆ, ಅದು ಎಷ್ಟು ದಿನಕ್ಕೆ ಸಾಕು ಎಂಬ ಪ್ರಶ್ನೆಗಳಿಗೆ ಉತ್ತರ ಮೊದಲೇ ಸಿದ್ಧವಿದ್ದವರಿಗೆ ಮಾತ್ರ ಆ ಪರಿವರ್ತನೆ ಒಂದು ದಿನದಲ್ಲಿ ಆಗುತ್ತದೆ. ಇಲ್ಲದವರಿಗೆ ಅದೇ ಎರಡು ವಾರದ ಕೆಲಸ. ಮೇಲಧಿಕಾರಿಗಳ ಮುಂದೆ ಇಂತಿಂಥ ಸಂಖ್ಯೆಯ ಚಿಪ್ ತಡವಾಗುತ್ತಿದೆ ಎಂದರೆ ಅವರು ತಲೆದೂಗಿ ಮುಂದಿನ ವಿಷಯಕ್ಕೆ ಹೋಗುತ್ತಾರೆ. ನಲವತ್ತು ಲಕ್ಷ ಫೋನ್ ಇಲ್ಲವಾಗಲಿದೆ ಎಂದರೆ ಸಭೆ ನಿಲ್ಲುತ್ತದೆ. ಉಗ್ರಾಣದ ಭಾಷೆಯನ್ನು ಆಡಳಿತ ಮಂಡಳಿಯ ಭಾಷೆಗೆ ತರಬಲ್ಲವರು ಪೂರೈಕೆ ವಿಭಾಗಗಳಲ್ಲಿ ಬೇಕಾದಷ್ಟಿಲ್ಲ ಎಂಬುದನ್ನು ವಿಷಾದದಿಂದಲೇ ಹೇಳಬೇಕಾಗಿದೆ.

ಆಮೇಲಿನ ದಿನಗಳು

ಯುರೋಪ್, ಏಷ್ಯಾ ಮತ್ತು ಅಮೆರಿಕಗಳಲ್ಲಿ ಹರಡಿದ್ದ ಸುಮಾರು ಮೂವತ್ತು ಅಧಿಕಾರಿಗಳ ತಂಡ ಕೆಲಸಕ್ಕಿಳಿಯಿತು. ಬೇರೆಡೆ ತಯಾರಾಗಬಹುದಾದ ಭಾಗಗಳಿಗಾಗಿ ಜಪಾನ್ ಮತ್ತು ಅಮೆರಿಕದ ಪೂರೈಕೆದಾರರನ್ನು ಕೇಳಿದಾಗ, ಅವರು ಐದೇ ದಿನಗಳ ಅವಧಿಯಲ್ಲಿ ಹೆಚ್ಚುವರಿ ಪೂರೈಕೆ ಆರಂಭಿಸಲು ಒಪ್ಪಿದರು. ನೋಕಿಯಾ ದೊಡ್ಡ ಗ್ರಾಹಕ ಎಂಬುದು ಇದಕ್ಕೆ ಒಂದು ಕಾರಣ, ಸಂದೇಹವಿಲ್ಲ. ಆದರೆ ದೊಡ್ಡ ಗ್ರಾಹಕರೆಲ್ಲರಿಗೂ ಕಷ್ಟಕಾಲದಲ್ಲಿ ಇಂಥ ಉತ್ತರ ಸಿಗುವುದಿಲ್ಲ. ಒಳ್ಳೆಯ ದಿನಗಳಲ್ಲಿ ಕೊನೆಯ ಕಾಸಿಗಾಗಿ ಹಿಂಡಿದ ಪೂರೈಕೆದಾರ, ಕೆಟ್ಟ ದಿನಗಳಲ್ಲಿ ತನ್ನ ಇತರ ಕೆಲಸವನ್ನು ಬದಿಗಿಟ್ಟು ಓಡಿಬರುವುದಿಲ್ಲ.

ಫಿಲಿಪ್ಸ್ ಬಿಟ್ಟರೆ ಬೇರೆ ಗತಿಯಿಲ್ಲದ ಭಾಗಗಳದ್ದೇ ಕಷ್ಟದ ಪ್ರಶ್ನೆಯಾಗಿತ್ತು. ಇಲ್ಲಿ ನೋಕಿಯಾದ ಮುಖ್ಯಸ್ಥ ಯೋರ್ಮಾ ಒಲ್ಲಿಲಾ ಅವರೇ ಫಿಲಿಪ್ಸ್ ಮುಖ್ಯಸ್ಥ ಕಾರ್ ಬೂನ್‌ಸ್ಟ್ರಾ ಅವರೊಂದಿಗೆ ಮಾತಿಗೆ ಕುಳಿತರು. ನೋಕಿಯಾದ ಬೇಡಿಕೆ ಸ್ಪಷ್ಟವಾಗಿತ್ತು: ಆಲ್ಬುಕರ್ಕಿಯ ಕಾರ್ಖಾನೆ ಸುಧಾರಿಸುವುದನ್ನು ಕಾಯುತ್ತ ಕೂರುವುದು ಬೇಡ, ಜಗತ್ತಿನಾದ್ಯಂತ ಫಿಲಿಪ್ಸ್‌ಗೆ ಇರುವ ಕಾರ್ಖಾನೆಗಳನ್ನೆಲ್ಲ ಒಂದೇ ಕಾರ್ಖಾನೆಯೆಂದು ಭಾವಿಸಿ, ಖಾಲಿ ಇರುವ ಸಾಮರ್ಥ್ಯವನ್ನೆಲ್ಲ ಹುಡುಕಿ ತೆಗೆಯಬೇಕು. ನೆದರ್‌ಲೆಂಡ್ಸಿನ ಐಂಡ್‌ಹೋವನ್‌ನಲ್ಲಿದ್ದ ಮತ್ತು ಚೀನಾದ ಶಾಂಘೈಯಲ್ಲಿದ್ದ ಕಾರ್ಖಾನೆಗಳು ಈ ಕೆಲಸಕ್ಕೆ ತೊಡಗಿದವು. ಇತ್ತ ನೋಕಿಯಾದ ಎಂಜಿನಿಯರುಗಳು ಕೆಲವು ಚಿಪ್‌ಗಳು ಬೇರೆ ಕಾರ್ಖಾನೆಗಳಲ್ಲಿಯೂ ತಯಾರಾಗುವಂತೆ ವಿನ್ಯಾಸವನ್ನು ಮಾರ್ಪಡಿಸಿದರು.

ಈ ಕೊನೆಯ ಸಂಗತಿಯನ್ನು ಹೆಚ್ಚು ಒತ್ತಿ ಹೇಳಬೇಕು. ಬಿಕ್ಕಟ್ಟಿನ ನಡುವೆ ವಿನ್ಯಾಸವನ್ನು ಬದಲಿಸಲು ಸಾಧ್ಯವಾಗಬೇಕಾದರೆ ಖರೀದಿ ವಿಭಾಗದವರು ಮತ್ತು ವಿನ್ಯಾಸಕರು ಅದಕ್ಕೂ ಮುಂಚೆಯೇ ಪರಸ್ಪರ ಪರಿಚಿತರಾಗಿರಬೇಕು, ಒಬ್ಬರ ಕಷ್ಟ ಇನ್ನೊಬ್ಬರಿಗೆ ತಿಳಿದಿರಬೇಕು. ಅನೇಕ ಸಂಸ್ಥೆಗಳಲ್ಲಿ ವಿನ್ಯಾಸಕ ತನಗೆ ಮೆಚ್ಚಿಗೆಯಾದ ಭಾಗವನ್ನು ನಕ್ಷೆಯಲ್ಲಿ ಬರೆದು ಮುಗಿಸುತ್ತಾನೆ. ಅದನ್ನು ಜಗತ್ತಿನಲ್ಲಿ ಒಬ್ಬನೇ ತಯಾರಿಸುತ್ತಾನೆ ಎಂಬುದು ಖರೀದಿಯವರಿಗೆ ತಿಳಿಯುವ ಹೊತ್ತಿಗೆ ಬದಲಿಸುವ ಕಾಲ ಮೀರಿರುತ್ತದೆ. ಪೂರೈಕೆ ಸರಪಳಿಯ ಮುಖ್ಯಸ್ಥ ವಿನ್ಯಾಸದ ಮೇಜಿನ ಬಳಿ ಕೂರಬೇಕು, ಅಲ್ಲಿ ಅವನ ಮಾತಿಗೆ ತೂಕವಿರಬೇಕು. ಅಪಘಾತದ ದಿನ ತೋರಿಸುವ ಸಾಹಸಕ್ಕಿಂತ, ಅಪಘಾತಕ್ಕೆ ಎರಡು ವರ್ಷ ಮೊದಲು ಅಲ್ಲಿ ಕೂತು ಎತ್ತಿದ ಆಕ್ಷೇಪಣೆಯೇ ಹೆಚ್ಚು ಬೆಲೆಯುಳ್ಳದ್ದು. ಆದರೆ ಅದಕ್ಕೆ ಯಾರೂ ಪ್ರಶಸ್ತಿ ಕೊಡುವುದಿಲ್ಲ, ಏಕೆಂದರೆ ಅದು ತಪ್ಪಿಸಿದ ನಷ್ಟ ಯಾವ ಲೆಕ್ಕಪತ್ರದಲ್ಲಿಯೂ ಕಾಣುವುದಿಲ್ಲ.

ನೋಕಿಯಾ ಹೀಗೆ ಪಟ್ಟು ಹಿಡಿದಾಗ ಅದೇ ಕಾರ್ಖಾನೆಗಳನ್ನು ನಂಬಿದ್ದ ಸಣ್ಣ ಗ್ರಾಹಕರ ಪಾಡೇನಾಯಿತು ಎಂಬ ಪ್ರಶ್ನೆ ನ್ಯಾಯವಾದದ್ದೇ. ಕೊರತೆಯ ಕಾಲದಲ್ಲಿ ಒಬ್ಬ ಪಡೆದ ಸಾಮರ್ಥ್ಯ ಇನ್ನೊಬ್ಬನಿಗೆ ಇಲ್ಲವಾಗುತ್ತದೆ. ಅಧಿಕಾರಿಯ ಮೊದಲ ಹೊಣೆ ತನ್ನ ಸಂಸ್ಥೆಗೆ. ಆದರೂ ಕೈಯಲ್ಲಿರುವ ಬಲವನ್ನು ಬಳಸುವಾಗ ಅವನು ಅದರ ಈ ಮಗ್ಗುಲನ್ನೂ ಕಂಡಿರಬೇಕು ಎಂದು ನಾನು ಭಾವಿಸುತ್ತೇನೆ.

ಎರಿಕ್ಸನ್‌ನಲ್ಲಿ ನಡೆದದ್ದು

ಎರಿಕ್ಸನ್‌ಗೂ ಫಿಲಿಪ್ಸ್‌ನಿಂದ ಸುದ್ದಿ ಹೋಗಿತ್ತು. ಅಲ್ಲಿ ಅದನ್ನು ಎರಡು ತಾಂತ್ರಿಕ ವಿಭಾಗಗಳ ನಡುವಿನ ಮಾಮೂಲಿ ಮಾತುಕತೆಯಂತೆ ಕೆಳಹಂತದಲ್ಲಿಯೇ ಸ್ವೀಕರಿಸಲಾಯಿತು. ಒಂದು ವಾರ ಎಂದಿದ್ದಾರೆ, ಕಾಯೋಣ ಎಂಬುದು ಅಲ್ಲಿನ ನಿಲುವಾಗಿತ್ತು. ಫೋನ್ ವಿಭಾಗದ ಮುಖ್ಯಸ್ಥರಾಗಿದ್ದ ಯಾನ್ ವೇರ್‌ಬಿ ಅವರಿಗೆ ಸಮಸ್ಯೆಯ ಗಾತ್ರ ತಿಳಿದದ್ದು ಏಪ್ರಿಲ್ ಆರಂಭದಲ್ಲಿ. ಆ ವೇಳೆಗೆ ಖಾಲಿ ಇದ್ದ ಸಾಮರ್ಥ್ಯ ಹಂಚಿಹೋಗಿತ್ತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಯಿತು ಅವರ ಸ್ಥಿತಿ.

ಇಲ್ಲಿ ಕೆಳಹಂತದ ಸಿಬ್ಬಂದಿಯನ್ನು ಅಸಡ್ಡೆಯವರೆಂದು ದೂರುವುದು ಸುಲಭ, ಮತ್ತು ತಪ್ಪು. ಅವರು ಸಂಸ್ಥೆ ಕಲಿಸಿದಂತೆಯೇ ನಡೆದುಕೊಂಡರು. 1990ರ ದಶಕದ ಮಧ್ಯದಿಂದ ಎರಿಕ್ಸನ್ ವೆಚ್ಚ ತಗ್ಗಿಸಲೆಂದು ತನ್ನ ಪೂರೈಕೆ ಸರಪಳಿಯನ್ನು ಸರಳಗೊಳಿಸಿತ್ತು. ಹಲವು ಮುಖ್ಯ ಭಾಗಗಳಿಗೆ ಎರಡನೆಯ ಪೂರೈಕೆದಾರರನ್ನು ಇಟ್ಟುಕೊಂಡಿರಲಿಲ್ಲ. ಒಬ್ಬನೇ ಪೂರೈಕೆದಾರನಿಂದ ಕೊಳ್ಳುವುದು ತಾನಾಗಿಯೇ ದೋಷವಲ್ಲ. ಅದರಿಂದ ಬೆಲೆ ಇಳಿಯುತ್ತದೆ, ಗುಣಮಟ್ಟ ಏಕರೂಪವಾಗುತ್ತದೆ, ಸಂಬಂಧ ಗಟ್ಟಿಯಾಗುತ್ತದೆ. ಆದರೆ ಒಬ್ಬನನ್ನೇ ನಂಬಿದ ಮೇಲೆ ಅವನ ಮನೆಯ ಹೊಗೆಯ ಮೇಲೆ ಕಣ್ಣಿಟ್ಟಿರಬೇಕಾದ ಹೊಣೆ ಇಮ್ಮಡಿಯಾಗುತ್ತದೆ. ಎರಿಕ್ಸನ್ ಉಳಿತಾಯವನ್ನು ಪಡೆದುಕೊಂಡಿತು, ಅದರ ಜೊತೆಗೆ ಬರುವ ಕಾವಲನ್ನು ಹೊತ್ತುಕೊಳ್ಳಲಿಲ್ಲ. ದಾಸ್ತಾನು ಕಡಿಮೆಯಾದಷ್ಟೂ, ಪರ್ಯಾಯಗಳು ಕಡಿಮೆಯಾದಷ್ಟೂ, ಸುದ್ದಿ ಹರಿಯುವ ವೇಗ ಹೆಚ್ಚಬೇಕು. ಇದನ್ನು ವೆಚ್ಚ ಕಡಿತದ ಯೋಜನೆ ಬರೆಯುವ ದಿನವೇ ಬರೆದಿಟ್ಟುಕೊಳ್ಳಬೇಕಾಗುತ್ತದೆ.

ಎರಡು ಸಂಸ್ಥೆಗಳ ನಡುವಿನ ಅಂತರವನ್ನು ದಿನಗಳಲ್ಲಿ ಎಣಿಸಿದರೆ ಹೆಚ್ಚೇನಿಲ್ಲ. ನೋಕಿಯಾದ ಮೇಲಧಿಕಾರಿಗಳಿಗೆ ಮೂರು ದಿನದಲ್ಲಿ ತಲುಪಿದ ಮಾತು ಎರಿಕ್ಸನ್‌ನ ಮೇಲಧಿಕಾರಿಗಳಿಗೆ ತಲುಪಲು ಎರಡು ವಾರಕ್ಕೂ ಹೆಚ್ಚು ಹಿಡಿಯಿತು. ಕೆಟ್ಟ ಸುದ್ದಿ ಒಂದೊಂದು ಮೆಟ್ಟಿಲು ಏರುವಾಗಲೂ ಕಾಲವನ್ನು ಕಳೆದುಕೊಳ್ಳುತ್ತದೆ, ಜೊತೆಗೆ ತೂಕವನ್ನೂ. ಕೆಳಗೆ “ಏನೋ ಸರಿಯಿಲ್ಲ” ಎಂದಿದ್ದದ್ದು ನಡುವೆ “ಗಮನಿಸುತ್ತಿದ್ದೇವೆ” ಎಂದಾಗಿ, ಮೇಲೆ “ನಿಯಂತ್ರಣದಲ್ಲಿದೆ” ಎಂದಾಗುತ್ತದೆ. ಒಬ್ಬ ಅಧಿಕಾರಿ ತನ್ನ ಹುದ್ದೆಗೆ ತಕ್ಕವನೇ ಎಂದು ಅಳೆಯಲು ನನಗೆ ತಿಳಿದ ಅತ್ಯಂತ ಖಚಿತವಾದ ಅಳತೆಗೋಲು ಇದು: ಅವನ ವಿಭಾಗದಲ್ಲಿ ಕೆಟ್ಟ ಸುದ್ದಿಯೊಂದು ಕೆಳಗಿನಿಂದ ಮೇಲಕ್ಕೆ ಎಷ್ಟು ಗಂಟೆಯಲ್ಲಿ, ಎಷ್ಟು ತೂಕ ಉಳಿಸಿಕೊಂಡು ತಲುಪುತ್ತದೆ ಎಂಬುದು.

ಪರಿಣಾಮ, ಮತ್ತು ಅದರ ಮಿತಿ

2000ದ ಜುಲೈಯಲ್ಲಿ ಎರಿಕ್ಸನ್ ತನ್ನ ಅರ್ಧವಾರ್ಷಿಕ ಲೆಕ್ಕವನ್ನು ಹೊರಗಿಟ್ಟಾಗ ಹೊರಗಿನವರಿಗೆ ಹಾನಿಯ ಪ್ರಮಾಣ ಕಂಡಿತು. ಬಿಡಿಭಾಗಗಳ ಕೊರತೆಯಿಂದ ಸುಮಾರು 40 ಕೋಟಿ ಡಾಲರ್‌ಗಳ ಆದಾಯ ಕೈತಪ್ಪಿತು ಎಂಬುದು ಅದರ ಅಂದಾಜಾಗಿತ್ತು. ಒಂದು ವರ್ಷದ ಅವಧಿಯಲ್ಲಿ ಫೋನ್ ಮಾರುಕಟ್ಟೆಯಲ್ಲಿ ಅದರ ಪಾಲು 12 ಶೇಕಡಾದಿಂದ 9 ಶೇಕಡಾಕ್ಕೆ ಇಳಿಯಿತು. ನೋಕಿಯಾದ ಪಾಲು 27ರಿಂದ 30 ಶೇಕಡಾಕ್ಕೆ ಏರಿತು. 2001ರ ಜನವರಿಯಲ್ಲಿ ಎರಿಕ್ಸನ್ ಫೋನ್‌ಗಳ ತಯಾರಿಕೆಯನ್ನು ಫ್ಲೆಕ್ಸ್‌ಟ್ರಾನಿಕ್ಸ್ ಕಂಪನಿಗೆ ವಹಿಸುವುದಾಗಿ ಪ್ರಕಟಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಸೋನಿಯೊಂದಿಗಿನ ಜಂಟಿ ಸಂಸ್ಥೆ ಕೆಲಸ ಆರಂಭಿಸಿತು.

ಇಷ್ಟನ್ನೂ ಹತ್ತು ನಿಮಿಷದ ಬೆಂಕಿಯ ತಲೆಗೆ ಕಟ್ಟುವ ಬರಹಗಳು ಬಹಳ ಇವೆ. ಅದು ಸರಿಯಲ್ಲ. ಎರಿಕ್ಸನ್‌ನ ಫೋನ್ ವಿಭಾಗಕ್ಕೆ ಆ ವರ್ಷ ಮಾದರಿಗಳ ಆಯ್ಕೆಯಲ್ಲಿಯೂ ಮಾರಾಟದಲ್ಲಿಯೂ ತೊಂದರೆಗಳಿದ್ದವು; ಕಡಿಮೆ ಬೆಲೆಯ ಫೋನ್‌ಗಳ ಬೇಡಿಕೆಗೆ ಅದು ತಕ್ಕಷ್ಟು ಸಿದ್ಧವಾಗಿರಲಿಲ್ಲ. ಬೆಂಕಿಯಿಲ್ಲದಿದ್ದರೂ ಅದು ಕಷ್ಟದಲ್ಲಿಯೇ ಇರುತ್ತಿತ್ತು. ಇನ್ನೊಂದು ಕಡೆ, ನೋಕಿಯಾದ ಪೂರೈಕೆ ವಿಭಾಗದ ಕೌಶಲ ಅದರ ಫೋನ್ ವ್ಯವಹಾರವನ್ನು ಕಾಯಂ ಆಗಿ ಕಾಪಾಡಲಿಲ್ಲ. 2007ರ ನಂತರ ಸ್ಮಾರ್ಟ್‌ಫೋನ್‌ಗಳ ಕಾಲ ಬಂದಾಗ ಅದು ಹಿಂದೆ ಬಿದ್ದು, ಕೊನೆಗೆ 2014ರಲ್ಲಿ ಆ ವ್ಯವಹಾರ ಮೈಕ್ರೋಸಾಫ್ಟ್ ಪಾಲಾಯಿತು. ಜನರಿಗೆ ಬೇಡವಾದ ವಸ್ತುವನ್ನು ಸಕಾಲದಲ್ಲಿ ತಲುಪಿಸಿದರೆ ಪ್ರಯೋಜನವಿಲ್ಲ. ಪೂರೈಕೆ ಸರಪಳಿಯ ಅಧಿಕಾರಿಯನ್ನು ಹೊಗಳುವಾಗ ಅವನ ಕೈಯಳತೆಯಲ್ಲಿ ಏನಿದೆ, ಏನಿಲ್ಲ ಎಂಬುದನ್ನು ಮರೆಯದಿರುವುದು ಅವನಿಗೇ ಸಲ್ಲಿಸುವ ನ್ಯಾಯ.

ಎಂಜಿನಿಯರುಗಳನ್ನು ಕಳಿಸುವ ಕೋರಿಕೆಯನ್ನು ಫಿಲಿಪ್ಸ್ ನಿರಾಕರಿಸಿದ ಸಂಗತಿಗೆ ಮತ್ತೆ ಬರುತ್ತೇನೆ, ಏಕೆಂದರೆ ಎರಡು ದಶಕಗಳ ನಂತರ ಅದಕ್ಕೊಂದು ಹೋಲಿಕೆ ದೊರಕಿದೆ. 2021ರ ಮಾರ್ಚ್ 19ರಂದು ಜಪಾನಿನ ನಾಕಾ ಎಂಬಲ್ಲಿದ್ದ ರೆನೆಸಾಸ್ ಕಂಪನಿಯ ಚಿಪ್ ಕಾರ್ಖಾನೆಯಲ್ಲಿ ಬೆಂಕಿ ಬಿತ್ತು. ಅಲ್ಲಿ ತಯಾರಾಗುತ್ತಿದ್ದ ಚಿಪ್‌ಗಳಲ್ಲಿ ಹೆಚ್ಚಿನವು ವಾಹನಗಳಿಗೆ ಬೇಕಾದವು, ಅದೂ ಜಗತ್ತೇ ಚಿಪ್ ಕೊರತೆಯಿಂದ ತತ್ತರಿಸುತ್ತಿದ್ದ ವರ್ಷದಲ್ಲಿ. ಕಾರು ತಯಾರಕರೂ ಯಂತ್ರ ಪೂರೈಕೆದಾರರೂ ತಮ್ಮ ಜನರನ್ನು ಕಳಿಸಿದರು, ರೆನೆಸಾಸ್ ಅವರನ್ನು ಒಳಗೆ ಬಿಟ್ಟುಕೊಂಡಿತು; ದುರಸ್ತಿಯ ಕೆಲಸ ಉಚ್ಛ್ರಾಯದಲ್ಲಿದ್ದಾಗ ದಿನಕ್ಕೆ ಸಾವಿರಕ್ಕೂ ಹೆಚ್ಚು ಹೊರಗಿನ ಕೆಲಸಗಾರರು ಅಲ್ಲಿ ದುಡಿದರು. ಒಂದು ತಿಂಗಳೊಳಗೆ ಉತ್ಪಾದನೆ ಪುನರಾರಂಭಗೊಂಡಿತು. ಪೂರ್ಣ ಪ್ರಮಾಣಕ್ಕೆ ಮರಳಲು ಜೂನ್ ತಿಂಗಳಾಯಿತು. ನೆರವು ನೀಡುವಷ್ಟೇ ನೆರವು ಪಡೆಯುವುದೂ ಒಂದು ಗುಣ. ತನ್ನ ಕೆಟ್ಟ ಸ್ಥಿತಿಯನ್ನು ಗ್ರಾಹಕನ ಕಣ್ಣಿಗೆ ತೋರಿಸುವ ಧೈರ್ಯವಿಲ್ಲದ ಪೂರೈಕೆದಾರ ಅವನ ಕೈಗಳನ್ನೂ ಕಳೆದುಕೊಳ್ಳುತ್ತಾನೆ.

ಎರಿಕ್ಸನ್ ಕಲಿತ ರೀತಿ

ಈ ಪ್ರಕರಣದಲ್ಲಿ ನನಗೆ ಅತ್ಯಂತ ಗೌರವ ಮೂಡಿಸುವ ಭಾಗ ಸೋತವರದ್ದು. ಎರಿಕ್ಸನ್ ತನ್ನ ತಪ್ಪನ್ನು ಮುಚ್ಚಿಡಲಿಲ್ಲ. ಅದರ ನಂತರದ ವರ್ಷಗಳಲ್ಲಿ ಪೂರೈಕೆ ಅಪಾಯಗಳನ್ನು ನಿರ್ವಹಿಸುವ ವ್ಯವಸ್ಥೆಯೊಂದನ್ನು ಕಟ್ಟಿತು, ಅದನ್ನು ಸಂಶೋಧಕರೊಂದಿಗೆ ಹಂಚಿಕೊಂಡಿತು, ಇಂದು ಆ ವಿಷಯವನ್ನು ಅಭ್ಯಾಸ ಮಾಡುವವರು ಆ ವಿವರಗಳಿಂದಲೇ ಆರಂಭಿಸುವುದುಂಟು.

ಆ ವ್ಯವಸ್ಥೆಯ ತಿರುಳು ಸರಳವಾದದ್ದು. ತಯಾರಾಗುವ ವಸ್ತುವಿನ ಪ್ರತಿಯೊಂದು ಮುಖ್ಯ ಭಾಗವನ್ನೂ ಹಿಡಿದು, ಅದನ್ನು ಕೊಡುವವನು ಯಾರು, ಅವನಿಗೆ ಕೊಡುವವನು ಯಾರು ಎಂದು ಮೂಲದವರೆಗೆ ಹೋಗುವುದು. ಪ್ರತಿ ಹಂತದಲ್ಲಿಯೂ ಎರಡು ಅಂಕಿಗಳನ್ನು ಬರೆಯುವುದು: ಈ ಜಾಗ ನಿಂತುಹೋದರೆ ಪೂರೈಕೆ ಮತ್ತೆ ಆರಂಭವಾಗಲು ಎಷ್ಟು ಕಾಲ ಬೇಕು, ಅಷ್ಟು ಕಾಲದಲ್ಲಿ ನಮಗಾಗುವ ನಷ್ಟ ಎಷ್ಟು. ಬೆಂಕಿಯೋ ಪ್ರವಾಹವೋ ಮುಷ್ಕರವೋ ಯಾವಾಗ ಬರುತ್ತದೆ ಎಂದು ಊಹಿಸುವ ಗೋಜಿಗೆ ಅದು ಮುಖ್ಯವಾಗಿ ಹೋಗುವುದಿಲ್ಲ. ಬಂದರೆ ಎಷ್ಟು ದಿನ ತಡೆದುಕೊಳ್ಳಬಲ್ಲೆವು ಎಂದು ಕೇಳುತ್ತದೆ. ಚೇತರಿಕೆಗೆ ಬೇಕಾದ ಕಾಲ ದಾಸ್ತಾನಿನ ಕಾಲಕ್ಕಿಂತ ದೀರ್ಘವಾಗಿರುವ ಪ್ರತಿಯೊಂದು ಜಾಗವೂ ಆಗ ನಕ್ಷೆಯ ಮೇಲೆ ಎದ್ದು ಕಾಣುತ್ತದೆ. ಅಂಥ ಜಾಗಕ್ಕೆ ಎರಡನೆಯ ಪೂರೈಕೆದಾರನನ್ನು ಹುಡುಕಬಹುದು, ಹೆಚ್ಚು ದಾಸ್ತಾನು ಇಡಬಹುದು, ವಿನ್ಯಾಸ ಬದಲಿಸಬಹುದು, ಅಥವಾ ಅಪಾಯವನ್ನು ತಿಳಿದೇ ಒಪ್ಪಿಕೊಳ್ಳಬಹುದು. ಕೊನೆಯದೂ ಗೌರವಯುತ ಆಯ್ಕೆಯೇ, ಆಯ್ಕೆ ಮಾಡಿದವರ ಹೆಸರು ಮತ್ತು ದಿನಾಂಕ ಅದರ ಮುಂದೆ ಇರುವವರೆಗೆ.

ಈ ನಕ್ಷೆಯೂ ತಾನಾಗಿಯೇ ಏನನ್ನೂ ಮಾಡದು. ಅಪರಿಚಿತ ಊರಿನ ಕಾರ್ಖಾನೆಯೊಂದರಿಂದ ಸೋಮವಾರ ಬೆಳಿಗ್ಗೆ ಒಂದು ಕರೆ ಬರುತ್ತದೆ, ಸಣ್ಣ ಬೆಂಕಿ, ಒಂದು ವಾರ ತಡ ಎನ್ನುತ್ತಾರೆ. ಕರೆ ಸ್ವೀಕರಿಸಿದವರು ನಕ್ಷೆ ತೆರೆದು ಆ ಊರಿನ ಮೇಲೆ ಬೆರಳಿಟ್ಟು, ಅಲ್ಲಿಂದ ಬರುವ ಭಾಗಗಳು ಐದು, ಅವುಗಳಲ್ಲಿ ಕೆಲವಕ್ಕೆ ಬದಲಿಯಿಲ್ಲ, ನಮ್ಮಲ್ಲಿರುವ ದಾಸ್ತಾನು ಇಷ್ಟು ದಿನಕ್ಕೆ ಎಂದು ಓದಿಕೊಂಡು, ಅದೇ ಬೆಳಿಗ್ಗೆ ತಮ್ಮ ಮುಖ್ಯಸ್ಥರ ಬಾಗಿಲು ತಟ್ಟುತ್ತಾರೆ.